ಕನ್ನಡ ಬಾವುಟದ ನಿರ್ಮಾತೃ ಮ. ರಾಮಮೂರ್ತಿ

ಪ್ರತಿವರ್ಷ ನವೆಂಬರ್ 1ರಂದು ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಿಂದ ಹರಿಹರದ ಹೊಳೆದಂಡೆಯವರೆಗೆ ಹಳದಿ-ಕೆಂಪು ಬಾವುಟ ಹಾರಾಡುತ್ತದೆ. ಅದಕ್ಕೆ ವಂದಿಸುವವರು ಅಸಂಖ್ಯ. ಅದನ್ನು ರೂಪಿಸಿದವರ ಹೆಸರನ್ನು ಬಲ್ಲವರು ವಿರಳ. ಆ ಮಹನೀಯರು ಕೀರ್ತಿಶೇಷ ಮ. ರಾಮಮೂರ್ತಿಯವರು.

1918ರ ಮಾರ್ಚ್ 11ರಂದು ಜನಿಸಿದ ರಾಮಮೂರ್ತಿಯವರು ಪತ್ರಕರ್ತರೂ ಕಾದಂಬರಿಕಾರರೂ ಆಗಿದ್ದ ವೀರಕೇಸರಿ ಸೀತಾರಾಮಶಾಸ್ತ್ರಿಗಳ ಸುಪುತ್ರರು. ತಂದೆಯಂತೆ ಲೇಖನಿಯನ್ನೇ ನೆಚ್ಚಿದರು. ಪತ್ತೇದಾರಿ ಕಾದಂಬರಿಗಳನ್ನು ಬರೆದು ಸಾಮಾನ್ಯ ಜನರಲ್ಲಿ ಓದುವ ಹವ್ಯಾಸವನ್ನು ಬೆಳೆಸಿದರು. ವಿಮರ್ಶಕರು ಅಂಥ ಬರಹವನ್ನು ಲಘುವೆಂದು ಎಣಿಸಿರಬಹುದು. ಕನ್ನಡದ ಓದುಗರನ್ನು ಸೃಷ್ಟಿಸುವುದು ಅಲ್ಪಕಾರ್ಯವೇನಲ್ಲ.

1956ರವರೆಗೆ ಹರಿಹರವು ಮೈಸೂರು ಸೀಮೆಗೆ ಸೇರಿತ್ತು. ತುಂಗಭದ್ರೆಯ ಆಚೆಯ ರಾಣೇಬೆನ್ನೂರು ಮುಂಬಯಿ ಪ್ರಾಂತದಲ್ಲಿತ್ತು. ಒಂದೇ ನುಡಿಯ ಜನರ ನಡುವೆ ಹೊಳೆಯೇ ಗಡಿಯಾಗಿತ್ತು. ಏಕೀಕರಣದಿಂದ ಆ ಗಡಿ ಅಳಿಯಿತಾದರೂ ರಾಜಧಾನಿ ಬೆಂಗಳೂರಿನಲ್ಲೇ ಕನ್ನಡಕ್ಕೆ ತಕ್ಕ ಮನ್ನಣೆ ದೊರೆಯಲಿಲ್ಲ. 1960ರ ದಶಕದಲ್ಲಿ ಅ.ನ.ಕೃ. ಮೊದಲಾದವರು ಮುನ್ನಡೆಸಿದ ಚಳವಳಿಗೆ ರಾಮಮೂರ್ತಿಯವರೂ ಧುಮುಕಿದರು; ‘ಕನ್ನಡ ಪಕ್ಷ’ವನ್ನು ಕಟ್ಟಿದರು. ಅದಕ್ಕಾಗಿಯೇ ಈ ಬಾವುಟವನ್ನು ರೂಪಿಸಿದರು.

ಮೇಲೆ ಹಳದಿ, ಕೆಳಗೆ ಕೆಂಪು. ಹಳದಿ ಶಾಂತಿಯನ್ನೂ ಕೆಂಪು ಕ್ರಾಂತಿಯನ್ನೂ ಸೂಚಿಸುತ್ತವೆಂದು ಅರ್ಥೈಸುವುದುಂಟು. ಆದರೆ ಜನಮನಕ್ಕೆ ಹತ್ತಿರವಾದದ್ದು ಇನ್ನೊಂದು ಅರ್ಥ: ಅವು ಅರಿಶಿನ-ಕುಂಕುಮಗಳು. ಹೊಸ್ತಿಲಲ್ಲಿ, ಕಣದ ರಾಶಿಯಲ್ಲಿ, ಮುತ್ತೈದೆಯ ಮಡಿಲಲ್ಲಿ ಇರುವ ಮಂಗಲ ದ್ರವ್ಯಗಳು. ಆದ್ದರಿಂದಲೇ ಆ ಬಾವುಟದ ಅರ್ಥವನ್ನು ಹಳ್ಳಿಯ ಮುದುಕಿಗೂ ವಿವರಿಸಬೇಕಾಗಿಲ್ಲ.

1967ರ ಡಿಸೆಂಬರ್ 25ರಂದು ಬೆಂಗಳೂರಿನ ಹೊರವಲಯದ ತಮ್ಮ ಜಮೀನಿನಲ್ಲಿ ಬಾವಿ ತೋಡಿಸುತ್ತಿದ್ದಾಗ ಮಣ್ಣು ಕುಸಿದು ರಾಮಮೂರ್ತಿಯವರು ವಿಧಿವಶರಾದರು. ಅವರೊಡನೆ ಇಬ್ಬರು ಪುತ್ರರೂ ಆ ಬಾವಿಯಲ್ಲಿಯೇ ಮಡಿದರು. ಅವರಿಗಿನ್ನೂ ಐವತ್ತು ತುಂಬಿರಲಿಲ್ಲ. 1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದುದನ್ನು ಕಾಣುವ ಭಾಗ್ಯ ಅವರದಾಗಲಿಲ್ಲ.

ಪಕ್ಷ ಮರೆಯಾಯಿತು, ಬಾವುಟ ಉಳಿಯಿತು. ಪಕ್ಷಕ್ಕೆಂದು ಹುಟ್ಟಿದ್ದು ನಾಡಿನದಾಯಿತು. ಆದರೂ ಅದಕ್ಕೆ ಶಾಸನದ ಮುದ್ರೆ ಬೀಳಲಿಲ್ಲ. ಭಾರತದಲ್ಲಿ ಸ್ವಂತ ಧ್ವಜವನ್ನು ಹೊಂದಿದ್ದ ಏಕೈಕ ರಾಜ್ಯ ಜಮ್ಮು ಮತ್ತು ಕಾಶ್ಮೀರ. ಅದೂ 2019ರವರೆಗೆ ಮಾತ್ರ. 2018ರ ಮಾರ್ಚ್ 8ರಂದು ಕರ್ನಾಟಕ ಸರ್ಕಾರವು ಹಳದಿ, ಬಿಳಿ, ಕೆಂಪು ಪಟ್ಟಿಗಳ, ನಡುವೆ ಗಂಡಭೇರುಂಡ ಲಾಂಛನವುಳ್ಳ ಹೊಸ ಧ್ವಜವನ್ನು ಅನಾವರಣಗೊಳಿಸಿ, ಕೇಂದ್ರದ ಒಪ್ಪಿಗೆಯನ್ನು ಕೋರಲು ಮುಂದಾಯಿತು. ಜನರು ಮಾತ್ರ ಅಂದಿನಿಂದಲೂ ರಾಮಮೂರ್ತಿಯವರ ಎರಡು ಬಣ್ಣಗಳ ಬಾವುಟವನ್ನೇ ಏರಿಸುತ್ತ ಬಂದಿದ್ದಾರೆ.