ನಾಣ್ಯಕ್ಕೊಂದು ಊರು ಕೊಟ್ಟ ಎಲಿಯಟ್

ದೀಪಾವಳಿಯ ಲಕ್ಷ್ಮೀಪೂಜೆ ಬಂತೆಂದರೆ ನಮ್ಮ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯ ಎಷ್ಟೋ ಮನೆಗಳಲ್ಲಿ ಪೆಟ್ಟಿಗೆಯಿಂದ ಒಂದೆರಡು ರಾಣಿ ಛಾಪಿನ ಬೆಳ್ಳಿ ರೂಪಾಯಿ ಹೊರಗೆ ಬರುತ್ತವೆ. ಅರಿಸಿನ ಕುಂಕುಮ ಹಚ್ಚಿಸಿಕೊಂಡು ಮತ್ತೆ ಪೆಟ್ಟಿಗೆ ಸೇರುತ್ತವೆ. ಈಚೆಗೆ ಅವುಗಳ ಮೇಲೆ ನಮ್ಮ ವಯಸ್ಸಿನವರ ಕಣ್ಣು ಬಿದ್ದಿದೆ. ಹಳೆಯ ನಾಣ್ಯ ಮಾರಿದರೆ ಲಕ್ಷಗಟ್ಟಲೆ ಸಿಗುತ್ತದೆ ಎನ್ನುವ ವಿಡಿಯೊಗಳು ಮೊಬೈಲಿನಲ್ಲಿ ಬರುತ್ತಲೇ ಇರುತ್ತವೆ. ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿರುವ ನನ್ನಂಥವರಿಗೆ ಆಸೆ ಹುಟ್ಟುವುದು ಸಹಜ. ಹಳೆಯ ನಾಣ್ಯದ ಬೆಲೆ ನಿಜವಾಗಿ ಎಲ್ಲಿದೆ ಎಂದು ಓದುತ್ತಾ ಹೋದಾಗ ನನಗೆ ಸಿಕ್ಕವರು ಸರ್ ವಾಲ್ಟರ್ ಎಲಿಯಟ್. ಇನ್ನೂರು ವರ್ಷಗಳ ಹಿಂದೆ ಧಾರವಾಡ ಸೀಮೆಯಲ್ಲಿ ನೌಕರಿ ಮಾಡಿದ ಇಂಗ್ಲಿಷ್ ಅಧಿಕಾರಿ ಅವರು. ದಕ್ಷಿಣ ಭಾರತದ ನಾಣ್ಯಗಳ ಬಗ್ಗೆ ಬರೆಯುವವರು ಇಂದಿಗೂ ಅವರ ಹೆಸರನ್ನು ಬಿಟ್ಟು ಮುಂದೆ ಹೋಗುವುದಿಲ್ಲ.

ಎಲಿಯಟ್ ಹುಟ್ಟಿದ್ದು 1803ರ ಜನವರಿ 16ರಂದು, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ನೌಕರಿಗೆ ಆಯ್ಕೆಯಾದ ಹುಡುಗರಿಗೆ ಆಗ ಹೇಲಿಬರಿ ಎಂಬಲ್ಲಿ ಒಂದು ಕಾಲೇಜಿತ್ತು. ಅಲ್ಲಿ ಓದಿ, ಇನ್ನೂ ಇಪ್ಪತ್ತು ತುಂಬುವ ಮೊದಲೇ ಹಡಗು ಹತ್ತಿ ಮದ್ರಾಸಿಗೆ ಬಂದರು. ಬಂದ ಮೇಲೂ ಓದು ತಪ್ಪಲಿಲ್ಲ. ಸೇಂಟ್ ಜಾರ್ಜ್ ಕೋಟೆಯ ಕಾಲೇಜಿನಲ್ಲಿ ಹೊಸ ಅಧಿಕಾರಿಗಳು ಇಲ್ಲಿನ ಭಾಷೆ ಕಲಿಯಬೇಕಿತ್ತು. ತಮಿಳು ಮತ್ತು ಹಿಂದೂಸ್ತಾನಿಯಲ್ಲಿ ಚೆನ್ನಾಗಿ ಪಾಸಾದ ಎಲಿಯಟ್‌ಗೆ ಒಂದು ಸಾವಿರ ಪಗೋಡ ಬಹುಮಾನ ಸಿಕ್ಕಿತು.

ಪಗೋಡ ಎಂದರೆ ಬೇರೇನಲ್ಲ, ನಮ್ಮ ವರಹ. ಮದ್ರಾಸಿನಲ್ಲಿ ಒಂದು ವರಹಕ್ಕೆ 42 ಹಣ, ಒಂದು ಹಣಕ್ಕೆ 80 ಕಾಸು ಎಂಬ ಲೆಕ್ಕವಿತ್ತು. ಇಂದು ನಾವು ದುಡ್ಡಿಗೆಲ್ಲ ಹಣ ಎನ್ನುತ್ತೇವೆ. ಆಗ ಹಣ ಎಂದರೆ ಬೆರಳ ತುದಿಗೆ ಅಂಟಿಕೊಳ್ಳುವಷ್ಟು ಚಿಕ್ಕದಾದ ಒಂದು ಚಿನ್ನದ ನಾಣ್ಯ. ದುಡ್ಡು ಎಂಬುದೂ ಒಂದು ತಾಮ್ರದ ನಾಣ್ಯದ ಹೆಸರು. ಎಲಿಯಟ್ ಬರುವ ಹೊತ್ತಿಗೆ ಈ ಲೆಕ್ಕಕ್ಕೆ ಏಟು ಬಿದ್ದಾಗಿತ್ತು. 1818ರಲ್ಲಿ ಮದ್ರಾಸ್ ಸರ್ಕಾರ ವರಹವನ್ನು ಬಿಟ್ಟು ಬೆಳ್ಳಿಯ ರೂಪಾಯಿಯನ್ನು ಮೂಲ ನಾಣ್ಯ ಮಾಡಿಕೊಂಡಿತ್ತು. ನೂರು ವರಹಕ್ಕೆ 350 ರೂಪಾಯಿ ಎಂದು ದರ ಕಟ್ಟಿತ್ತು. ದಕ್ಷಿಣದಲ್ಲಿ ನೂರಾರು ವರ್ಷ ನಡೆದ ಚಿನ್ನದ ನಾಣ್ಯ ವ್ಯವಸ್ಥೆ ಮುಗಿಯುತ್ತಾ ಬಂದ ಕಾಲದಲ್ಲಿ ಅವರು ಇಲ್ಲಿಗೆ ಕಾಲಿಟ್ಟರು.

ಸ್ವಲ್ಪ ದಿನ ಸೇಲಂನಲ್ಲಿದ್ದು ಆಮೇಲೆ ಅವರು ಧಾರವಾಡದ ಕಡೆಗೆ ಬಂದರು. ಪೇಶ್ವೆಯಿಂದ ಕಂಪನಿಯ ಕೈಗೆ ಬಂದಿದ್ದ ಈ ಸೀಮೆಯನ್ನು ಇಂಗ್ಲಿಷರು ದಕ್ಷಿಣ ಮರಾಠಾ ದೇಶ ಎಂದು ಕರೆಯುತ್ತಿದ್ದರು. ಆಡುವ ಮಾತು ಮಾತ್ರ ಕನ್ನಡ. 1997ರಲ್ಲಿ ಹಾವೇರಿ ಜಿಲ್ಲೆ ಆಗುವವರೆಗೂ ನಮ್ಮ ತಾಲ್ಲೂಕುಗಳು ಧಾರವಾಡಕ್ಕೇ ಸೇರಿದ್ದವು ಎಂಬುದು ಎಲ್ಲರಿಗೂ ಗೊತ್ತು.

1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ನಡೆದದ್ದನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ರಾಣಿ ಚೆನ್ನಮ್ಮನವರ ಸೈನ್ಯದ ಎದುರು ಕಲೆಕ್ಟರ್ ಥ್ಯಾಕರೆ ಹತನಾದ. ಇಬ್ಬರು ಇಂಗ್ಲಿಷ್ ಅಧಿಕಾರಿಗಳು ಸೆರೆಸಿಕ್ಕರು. ಆ ಇಬ್ಬರಲ್ಲಿ ಒಬ್ಬರು ಸ್ಟೀವನ್ಸನ್, ಇನ್ನೊಬ್ಬರು ಇದೇ ವಾಲ್ಟರ್ ಎಲಿಯಟ್. ಆಗ ಅವರಿಗೆ 21 ವರ್ಷ. ಸುಮಾರು ಆರು ವಾರ ಕಿತ್ತೂರಿನವರ ವಶದಲ್ಲಿದ್ದು, ಜೀವಕ್ಕೆ ಅಪಾಯವಿಲ್ಲದೆ ಬಿಡುಗಡೆಯಾದರು.

ಅದಾದ ಮೇಲೆ ಈ ಸೀಮೆ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಮದ್ರಾಸಿನ ನೌಕರನಾದ ಎಲಿಯಟ್ ಅಲ್ಲಿಗೇ ಮರಳಬೇಕಿತ್ತು. ಆದರೆ ಮುಂಬಯಿ ಗವರ್ನರ್ ಎಲ್ಫಿನ್‌ಸ್ಟನ್ ಕೇಳಿಕೊಂಡದ್ದರಿಂದ ಇಲ್ಲೇ ಉಳಿದರು. 1833ರವರೆಗೆ, ಹತ್ತಿರ ಹತ್ತಿರ ಹತ್ತು ವರ್ಷ ಈ ನೆಲದಲ್ಲಿ ಕೆಲಸ ಮಾಡಿದರು. ಅವರ ಜೀವನದ ದೊಡ್ಡ ಕೆಲಸಕ್ಕೆ ಬೀಜ ಬಿದ್ದದ್ದು ಆಗಲೇ.

ನಮ್ಮ ಊರುಗಳಲ್ಲಿ ಗುಡಿಯ ಹಿಂದೆ, ಕೆರೆಯ ಒಡ್ಡಿನ ಮೇಲೆ, ಅಗಸಿ ಬಾಗಿಲ ಹತ್ತಿರ ಅಕ್ಷರ ಕೆತ್ತಿದ ಕಲ್ಲುಗಳು ನಿಂತಿರುತ್ತವೆ. ಹಾನಗಲ್ಲಿನ ತಾರಕೇಶ್ವರ ಗುಡಿ, ಬಂಕಾಪುರದ ಕೋಟೆಯೊಳಗಿನ ಅರವತ್ತು ಕಂಬದ ನಗರೇಶ್ವರ ಗುಡಿ ನೋಡಿದವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಹಳಗನ್ನಡದ ಆ ಲಿಪಿ ಊರಿನವರಿಗೆ ಓದಲು ಬರುತ್ತಿರಲಿಲ್ಲ. ನಿಧಿ ಎಲ್ಲಿದೆ ಎಂದು ಅದರಲ್ಲಿ ಬರೆದಿದೆ ಎಂಬ ನಂಬಿಕೆ ಮಾತ್ರ ಇತ್ತು, ಈಗಲೂ ಇದೆ. ಎಲಿಯಟ್ ಆ ಲಿಪಿ ಬಲ್ಲವರನ್ನು ಹುಡುಕಿದರು, ಸ್ಥಳೀಯ ಬರಹಗಾರರನ್ನು ಊರೂರಿಗೆ ಕಳಿಸಿ ನಕಲು ಮಾಡಿಸಿದರು. ಹೀಗೆ ಸೇರಿದ ಶಾಸನಗಳು ಸುಮಾರು ಆರುನೂರು. ಅವುಗಳ ಆಧಾರದ ಮೇಲೆ ಬರೆದ ಪ್ರಬಂಧ 1837ರಲ್ಲಿ ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಬಂತು. ಕಲ್ಯಾಣದ ಚಾಲುಕ್ಯರು, ಕಳಚೂರಿಗಳು, ದೇವಗಿರಿಯ ಯಾದವರು, ಅವರ ಕೈಕೆಳಗಿನ ಕದಂಬರಂಥ ಮನೆತನಗಳು ಯಾರ ನಂತರ ಯಾರು ಬಂದರು ಎಂಬುದನ್ನು ಕಲ್ಲಿನ ಸಾಕ್ಷಿಯಿಂದ ಜೋಡಿಸಿ ಹೇಳುವ ಮೊದಲ ಪ್ರಯತ್ನಗಳಲ್ಲಿ ಅದು ಒಂದು.

ಶಾಸನಗಳ ತುಂಬ ನಾಣ್ಯದ ಮಾತಿದೆ. ಗುಡಿಯ ದೀಪಕ್ಕೆ ಇಷ್ಟು ಗದ್ಯಾಣ, ಸಂತೆಯ ಸುಂಕ ಇಷ್ಟು ಪಣ, ಇಷ್ಟು ಹಾಗ, ಇಷ್ಟು ವೀಸ ಎಂದು ಬರೆದಿರುತ್ತದೆ. ಆದರೆ ನೆಲದಲ್ಲಿ ಸಿಗುವ ಚಿನ್ನದ ನಾಣ್ಯಗಳಲ್ಲಿ ಹೆಚ್ಚಿನವುಗಳ ಮೇಲೆ ರಾಜನ ಹೆಸರೂ ಇಲ್ಲ, ವರ್ಷವೂ ಇಲ್ಲ. ಒಂದರ ಮೇಲೆ ಕಮಲ, ಒಂದರ ಮೇಲೆ ಸಿಂಹ, ಒಂದರ ಮೇಲೆ ಹಂದಿ, ಇನ್ನೊಂದರ ಮೇಲೆ ಹನುಮ. ಯಾರದೆಂದು ಹೇಳುವುದು ಹೇಗೆ? ಎಲಿಯಟ್ ಹಿಡಿದ ದಾರಿ ಕಲ್ಲನ್ನೂ ನಾಣ್ಯವನ್ನೂ ಜೊತೆಗಿಟ್ಟು ಓದುವುದು.

ಎರಡು ಉದಾಹರಣೆ ಕೊಡುತ್ತೇನೆ, ಎರಡೂ ನಮ್ಮ ತಾಲ್ಲೂಕಿಗೆ ಸಂಬಂಧಿಸಿದವು. ಹಾನಗಲ್ಲಿನ ಕದಂಬರು ತಮ್ಮ ಶಾಸನಗಳಲ್ಲಿ ತಮ್ಮನ್ನು ವಾನರಧ್ವಜರೆಂದು ಕರೆದುಕೊಳ್ಳುತ್ತಾರೆ. ಅವರ ಬಾವುಟದಲ್ಲಿ ಇದ್ದದ್ದು ಹನುಮ. ಹನುಮನ ಛಾಪಿನ ಹಳೆಯ ಚಿನ್ನದ ನಾಣ್ಯಗಳನ್ನು ಈ ಮನೆತನದವು ಎಂದು ಗುರುತಿಸುವುದಕ್ಕೆ ಅದೇ ಆಧಾರ. ಇನ್ನು ಕೆಲವು ನಾಣ್ಯಗಳ ಮೇಲೆ ಕನ್ನಡದಲ್ಲಿ ಶ್ರೀ ತಲಕಾಡುಗೊಂಡ ಎಂದಿದೆ. ರಾಜನ ಹೆಸರಿಲ್ಲ, ಬಿರುದು ಮಾತ್ರ. ಹೊಯ್ಸಳ ವಿಷ್ಣುವರ್ಧನ ಚೋಳರಿಂದ ತಲಕಾಡು ಗೆದ್ದು ಆ ಬಿರುದು ಇಟ್ಟುಕೊಂಡ ಎಂದು ಶಾಸನಗಳು ಹೇಳುವುದರಿಂದ ನಾಣ್ಯ ಅವನದೆಂದು ತಿಳಿಯುತ್ತದೆ. ಅದೇ ಬಿರುದುಗಳ ಸಾಲಿನಲ್ಲಿ ಹಾನಗಲ್ ಗೆದ್ದ ಮಾತೂ ಬರುತ್ತದೆ. ಆ ರಾಜ ಕೊನೆಗಾಲದಲ್ಲಿ ಇದ್ದದ್ದು, ತೀರಿಕೊಂಡದ್ದು ನಮ್ಮ ಬಂಕಾಪುರದಲ್ಲಿ. ಕಲ್ಲು ಇಲ್ಲದಿದ್ದರೆ ಆ ನಾಣ್ಯ ನಾಲ್ಕು ಗ್ರಾಂ ಆಸುಪಾಸಿನ ಒಂದು ಚಿನ್ನದ ತುಂಡು ಅಷ್ಟೇ.

ಹಾಗೆ ಚಿನ್ನದ ತುಂಡಾಗಿ ಹೋದವುಗಳಿಗೆ ಲೆಕ್ಕವಿಲ್ಲ. 1835ರಲ್ಲಿ ಕಂಪನಿ ತನ್ನ ಎಲ್ಲ ಪ್ರಾಂತ್ಯಗಳಿಗೂ ಒಂದೇ ರೂಪಾಯಿ ತಂದಿತು. ತೂಕ 180 ಗ್ರೇನ್, ಅಂದರೆ 11.66 ಗ್ರಾಂ. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ನಮ್ಮ ಪೆಟ್ಟಿಗೆಗಳಲ್ಲಿರುವ ರಾಣಿ ಛಾಪಿನ ರೂಪಾಯಿ ಇದೇ ತೂಕದ್ದು. ಸರ್ಕಾರಿ ಕಂದಾಯ ಈ ರೂಪಾಯಿಯಲ್ಲೇ ಕಟ್ಟಬೇಕಾದ ಮೇಲೆ ಹಳೆಯ ಹೊನ್ನು, ಹಣಗಳು ಸರಾಫರ ತಕ್ಕಡಿಗೂ ಪತ್ತಾರರ ಕುಲುಮೆಗೂ ಹೋದವು. ಹಳೆಯ ನಾಣ್ಯ ಕೂಡಿಸುವವರು ಅವುಗಳನ್ನು ಹೆಚ್ಚಾಗಿ ಪಡೆದದ್ದೂ ಸರಾಫರಿಂದಲೇ, ಕರಗುವ ಮುಂಚೆ.

1833ರ ಕೊನೆಯಲ್ಲಿ ಎಲಿಯಟ್ ರಜೆ ಮೇಲೆ ಊರಿಗೆ ಹೊರಟರು. ಕೆಂಪು ಸಮುದ್ರ ದಾಟಿ, ಈಜಿಪ್ಟಿನ ಮರುಭೂಮಿ ಹಾದು, ನೈಲ್ ನದಿಯ ಗುಂಟ ಸುತ್ತಿಕೊಂಡು 1835ರಲ್ಲಿ ಮನೆ ಸೇರಿದರು. ಮರುವರ್ಷ ಮದ್ರಾಸ್ ಗವರ್ನರರ ಖಾಸಗಿ ಕಾರ್ಯದರ್ಶಿಯಾಗಿ ಮತ್ತೆ ಭಾರತಕ್ಕೆ ಬಂದರು. 1845ರಲ್ಲಿ ಆಂಧ್ರದ ಅಮರಾವತಿಯ ಬೌದ್ಧ ಸ್ತೂಪವನ್ನು ಅಗೆಸಿದರು. ಅಲ್ಲಿ ಸಿಕ್ಕ ಶಿಲ್ಪಗಳು ಮೊದಲು ಮದ್ರಾಸಿಗೆ, ಆಮೇಲೆ ಲಂಡನ್ನಿಗೆ ಹೋದವು. ಪ್ರಾಣಿ ಪಕ್ಷಿಗಳ ಮೇಲೂ ಅವರಿಗೆ ಅಷ್ಟೇ ಆಸಕ್ತಿ. ಪಾರಿವಾಳಗಳ ಬಗ್ಗೆ ಅಧ್ಯಯನ ಮಾಡುತ್ತಿದ್ದ ಚಾರ್ಲ್ಸ್ ಡಾರ್ವಿನ್‌ಗೆ ಭಾರತದಿಂದ ಪಾರಿವಾಳದ ಚರ್ಮಗಳನ್ನು ಕಳಿಸಿಕೊಟ್ಟವರು ಇವರೇ. ಗಿಡಗಳ ತೆಲುಗು ಹೆಸರುಗಳ ಪುಸ್ತಕವನ್ನೂ ಮಾಡಿದರು. ಇದೆಲ್ಲದರ ನಡುವೆ ಮದ್ರಾಸಿನ ಪತ್ರಿಕೆಗೆ ನಾಣ್ಯಗಳ ಕುರಿತು ಲೇಖನ ಬರೆಯುತ್ತಿದ್ದರು. 1860ರಲ್ಲಿ ನಿವೃತ್ತರಾಗಿ ಸ್ಕಾಟ್ಲೆಂಡಿಗೆ ಮರಳಿದರು. 1866ರಲ್ಲಿ ಸರ್ ಪದವಿ ಬಂತು.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಅವರ ಕೊನೆಯ ದಿನಗಳು. ವಯಸ್ಸಾದಂತೆ ಕಣ್ಣು ಹೋಗುತ್ತಾ ಬಂತು. ನಾಣ್ಯ ಓದುವವನಿಗೆ ಕಣ್ಣೇ ಆಧಾರ. ಅಕ್ಷರ ಸವೆದಿರುತ್ತದೆ, ಚಿತ್ರ ಅರ್ಧ ಮಾತ್ರ ಇರುತ್ತದೆ. ಅಂಥ ಹೊತ್ತಿನಲ್ಲಿ, ಎಂಬತ್ತು ದಾಟಿದ ಮೇಲೆ, ದಕ್ಷಿಣ ಭಾರತದ ನಾಣ್ಯಗಳ ಮೇಲಿನ ತಮ್ಮ ದೊಡ್ಡ ಪುಸ್ತಕವನ್ನು ಅವರು ಮುಗಿಸಿದರು. ಅದು ಲಂಡನ್ನಿನಲ್ಲಿ ಅಚ್ಚಾಗಿ ಬಂದದ್ದು ಸಾಯುವುದಕ್ಕೆ ಒಂದೆರಡು ವರ್ಷ ಮುಂಚೆ. ಧಾರವಾಡದಲ್ಲಿ ಶುರುವಾದ ಕೆಲಸಕ್ಕೆ ಆಗ ಅರ್ಧ ಶತಮಾನ ಕಳೆದಿತ್ತು. 1887ರ ಮಾರ್ಚ್ 1ರ ಬೆಳಿಗ್ಗೆ ತಮಿಳು ವಿದ್ವಾಂಸ ಜಿ.ಯು. ಪೋಪ್ ಅವರಿಗೆ ಒಂದು ಪತ್ರ ಹೇಳಿ ಬರೆಸಿ, ತಾವೇ ಸಹಿ ಹಾಕಿದರು. ಅದೇ ದಿನ ತೀರಿಕೊಂಡರು.

ಎಲಿಯಟ್ ಅವರನ್ನು ಬರೀ ಹೊಗಳಿ ಮುಗಿಸಿದರೆ ಅರ್ಧ ಮಾತು ಹೇಳಿದಂತೆ. ಕಿತ್ತೂರನ್ನು ನುಂಗಿದ ಕಂಪನಿಯ ನೌಕರ ಅವರು. ನಮ್ಮ ಹೊನ್ನನ್ನು ಕುಲುಮೆಗೆ ತಳ್ಳಿದ್ದು ಅದೇ ಕಂಪನಿಯ ರೂಪಾಯಿ. ಅವರು ಕೂಡಿಸಿದ ನಾಣ್ಯಗಳು, ಅಮರಾವತಿಯ ಶಿಲ್ಪಗಳು ಇಂದು ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ನಮ್ಮ ಊರಿನ ಹುಡುಗನೊಬ್ಬ ಅವನ್ನು ನೋಡಬೇಕೆಂದರೆ ಲಂಡನ್ನಿಗೆ ಹೋಗಬೇಕು. ಅವರ ಶಾಸನದ ನಕಲುಗಳೂ ಎಲ್ಲ ಸರಿಯಿರಲಿಲ್ಲ. ಮುಂದೆ ಜೆ.ಎಫ್. ಫ್ಲೀಟ್ ಎಂಬ ಅಧಿಕಾರಿ ಮೂಲ ಕಲ್ಲುಗಳನ್ನೇ ನೋಡಿ ಎಷ್ಟೋ ತಪ್ಪುಗಳನ್ನು ತಿದ್ದಿದರು. ಹಿರೇಕೆರೂರು ತಾಲ್ಲೂಕಿನ ಅಬಲೂರಿನಲ್ಲಿರುವ ಏಕಾಂತದ ರಾಮಯ್ಯನ ಶಾಸನವನ್ನು ಪ್ರಕಟಿಸಿದವರು ಆ ಫ್ಲೀಟ್.

ಇಷ್ಟಾದರೂ ಒಂದು ವಿಷಯದಲ್ಲಿ ಎಲಿಯಟ್ ನಮಗೆ ಪಾಠ. ನಾಣ್ಯವನ್ನು ಅದರ ನೆಲದಿಂದ, ಅದರ ಕಾಲದ ಬರಹದಿಂದ ಬೇರೆ ಮಾಡಿ ಅವರು ನೋಡಲಿಲ್ಲ. ಇಂದು ಹಳೆಯ ನಾಣ್ಯದ ವ್ಯಾಪಾರದಲ್ಲಿ ಮೊದಲು ಕಳೆದುಹೋಗುವುದೇ ಅದು. ಎಲ್ಲಿ ಸಿಕ್ಕಿತು, ಯಾವುದರ ಜೊತೆ ಸಿಕ್ಕಿತು ಎಂಬುದನ್ನು ಮಾರುವವನು ಹೇಳುವುದಿಲ್ಲ, ಕೊಳ್ಳುವವನು ಕೇಳುವುದಿಲ್ಲ.

ನಾಣ್ಯ ಕೂಡಿಸುವುದು, ಮಾರುವುದು ತಪ್ಪಲ್ಲ. ಆದರೆ ಅದಕ್ಕೆ ಕಾನೂನಿದೆ. ನೂರು ವರ್ಷ ದಾಟಿದ ನಾಣ್ಯ 1972ರ ಪುರಾವಸ್ತು ಕಾಯ್ದೆಯ ಕೆಳಗೆ ಬರುತ್ತದೆ. ಅಂಥವುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಖಾಸಗಿಯವರು ವಿದೇಶಕ್ಕೆ ಕಳಿಸುವಂತಿಲ್ಲ. ಹೊಲ ಉಳುವಾಗ, ಪಾಯ ತೋಡುವಾಗ ಗಡಿಗೆ ಸಿಕ್ಕರೆ ಅದು ನಿಧಿ. ಜಿಲ್ಲಾಧಿಕಾರಿಗೆ ತಿಳಿಸಬೇಕು, ಮುಚ್ಚಿಡುವುದು ಅಪರಾಧ. ಮನೆಯಲ್ಲಿರುವ ಸಾಮಾನ್ಯ ರಾಣಿ ಛಾಪಿನ ರೂಪಾಯಿಗೆ ಸಿಗುವ ಬೆಲೆ ಬೆಳ್ಳಿಯ ಬೆಲೆಯಿಂದ ಬಹಳ ದೂರ ಹೋಗುವುದಿಲ್ಲ. ಹುಣಸೆಹಣ್ಣು ಹಚ್ಚಿ ತಿಕ್ಕಿ ಹೊಳೆಸಿದರೆ ಸಂಗ್ರಹಕಾರರು ಇನ್ನೂ ಕಡಿಮೆ ಕೊಡುತ್ತಾರೆ. ಲಕ್ಷ ಕೊಡುತ್ತೇವೆ, ಮೊದಲು ಕಮಿಷನ್ ಕಟ್ಟಿ ಎನ್ನುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಕೆ ಕೊಟ್ಟಿದೆ. ಹಳೆಯ ನಾಣ್ಯ, ನೋಟುಗಳ ಇಂಥ ವ್ಯವಹಾರಕ್ಕೂ ತನಗೂ ಸಂಬಂಧವಿಲ್ಲ ಎಂದು ಅದು ಹೇಳಿದೆ.

ಇದಕ್ಕಿಂತ ಒಳ್ಳೆಯ ದಾರಿ ನಮ್ಮ ಕಡೆಯವರಿಗೆ ಹತ್ತಿರದಲ್ಲೇ ಇದೆ. ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆ 1939ರಿಂದ ಇದೆ. ಕೇಂದ್ರ ಪುರಾತತ್ವ ಇಲಾಖೆಯ ಶಾಸನ ವಿಭಾಗದ ಕಚೇರಿ ಮೈಸೂರಿನಲ್ಲಿದೆ. ಹಳಗನ್ನಡ ಲಿಪಿ ಓದಬಲ್ಲವರ ಸಂಖ್ಯೆ ಮಾತ್ರ ಕಡಿಮೆಯಾಗುತ್ತಿದೆ. ಕನ್ನಡ ಬಲ್ಲ ವಿದ್ಯಾರ್ಥಿಗೆ ಆ ಲಿಪಿ ಕಲಿಯುವುದು ಇಪ್ಪತ್ತರ ಹರೆಯದ ಸ್ಕಾಟ್ಲೆಂಡಿನ ಹುಡುಗನಿಗಿಂತ ಕಷ್ಟವೇನಲ್ಲ. ಎಲಿಯಟ್ ನಕಲು ಮಾಡಿಸಿದ ಕಲ್ಲುಗಳಲ್ಲಿ ಎಷ್ಟೋ ಇನ್ನೂ ನಿಂತ ಜಾಗದಲ್ಲೇ ನಿಂತಿವೆ. ಅವುಗಳನ್ನು ನೋಡಲು ಹಾನಗಲ್ಲಿನ ಬಸ್ಸು ಹತ್ತಿದರೆ ಸಾಕು.