2038ರಲ್ಲಿ ಕಂಪ್ಯೂಟರ್‌ಗಳೆಲ್ಲ ನಿಂತುಹೋಗುತ್ತವೆಯೇ? ಕಲ್ಯಾಣದ ದೊರೆಯ ಲೆಕ್ಕ ನೋಡಿ

2038ರ ಜನವರಿ 19ಕ್ಕೆ ಕರೆಂಟು, ಎಟಿಎಂ, ರೈಲು ಎಲ್ಲ ಬಂದ್ ಎನ್ನುವ ಫಾರ್ವರ್ಡ್ ನಿಮಗೂ ಬಂದಿರಬಹುದು. ಅದರಲ್ಲಿ ಅರ್ಧ ನಿಜವಿದೆ. ಯಾವ ಅರ್ಧ ಎಂದು ತಿಳಿಯಲು ನಾವು ದುಬಲಗುಂಡಿ, ಹುಮನಾಬಾದ್ ಕಡೆಯವರಿಗೆ ಗೊತ್ತಿರುವ ಬಸವಕಲ್ಯಾಣಕ್ಕೆ ಹೋಗೋಣ. ಅಲ್ಲಿ ಆಳಿದ ದೊರೆಯೊಬ್ಬ ವರ್ಷದ ಎಣಿಕೆಯನ್ನೇ ಒಂದರಿಂದ ಶುರುಮಾಡಿಸಿದ್ದ.

ಅವನು ಕಲ್ಯಾಣದ ಚಾಲುಕ್ಯರ ಆರನೆಯ ವಿಕ್ರಮಾದಿತ್ಯ, ಒಂದನೆಯ ಸೋಮೇಶ್ವರನ ಮಗ. 1068ರಲ್ಲಿ ತಂದೆ ತುಂಗಭದ್ರೆಯಲ್ಲಿ ಜಲಸಮಾಧಿಯಾದ ಮೇಲೆ ಪಟ್ಟ ಅಣ್ಣನಿಗೆ ಹೋಯಿತು. 1076ರಲ್ಲಿ ತಮ್ಮ ಅಣ್ಣನನ್ನು ಇಳಿಸಿ ತಾನೇ ದೊರೆಯಾದ. ಆಸ್ಥಾನ ಕವಿ ಬಿಲ್ಹಣ ತಪ್ಪೆಲ್ಲ ಅಣ್ಣನದೇ ಎಂಬಂತೆ ಕಾವ್ಯ ಬರೆದ. ಗೆದ್ದವನ ಅನ್ನ ಉಂಡ ಕವಿಯ ಮಾತನ್ನು ನಾವು ಸ್ವಲ್ಪ ಸೋಸಿಯೇ ತಗೊಳ್ಳಬೇಕು. ಆಸ್ತಿ ಹಂಚಿಕೆಯ ವಿಷಯದಲ್ಲಿ ಇಂದಿಗೂ ಹೆಸರು ಕೇಳಿಬರುವ ಮಿತಾಕ್ಷರ ಬರೆದ ವಿಜ್ಞಾನೇಶ್ವರನೂ ಇವನ ಕಾಲದವನೇ. ವಿಕ್ರಮಾದಿತ್ಯ ಸುಮಾರು ಐವತ್ತು ವರ್ಷ, 1126ರವರೆಗೆ ಆಳಿದ.

ಪಟ್ಟಕ್ಕೆ ಬಂದವನೇ ಶಕವರ್ಷವನ್ನು ಬದಿಗಿಟ್ಟು ಚಾಲುಕ್ಯ ವಿಕ್ರಮ ವರ್ಷ ಎಂಬ ಹೊಸ ಎಣಿಕೆ ತಂದ. ಶಾಸನದಲ್ಲಿ 37ನೆಯ ವರ್ಷ ಎಂದಿದ್ದರೆ 1075 ಕೂಡಿಸಿ, 1112 ಸಿಗುತ್ತದೆ. ಆರಂಭ ಯಾವುದು ಎಂದು ಗೊತ್ತಿಲ್ಲದವನಿಗೆ ಆ 37 ಬರೀ ಅಂಕಿ. ಜೊತೆಗೆ ಸಂವತ್ಸರದ ಹೆಸರೂ ಇರುತ್ತಿತ್ತು. ಅವನ ಮೊದಲ ವರ್ಷ ನಳ. ಆದರೆ ಸಂವತ್ಸರಗಳು ಅರವತ್ತೇ. ನಳ 1136ರಲ್ಲಿ ಮತ್ತೆ ಬಂತು. ಬರೀ ನಳ ಎಂದು ಕೆತ್ತಿದ ಕಲ್ಲು ಯಾವ ನಳದ್ದು?

ಕಂಪ್ಯೂಟರ್‌ನ ಸಮಸ್ಯೆಯೂ ಇಂಥದ್ದೇ. ಹಲವು ಯಂತ್ರಗಳು 1970ರ ಜನವರಿ 1ರಿಂದ ಸೆಕೆಂಡು ಎಣಿಸುತ್ತವೆ. ಹಳೆಯ 32 ಬಿಟ್ ಎಣಿಕೆಗೆ 2,147,483,647ರ ಆಚೆ ಜಾಗವಿಲ್ಲ. ನಮ್ಮ ಗಡಿಯಾರದಲ್ಲಿ ಆ ಹೊತ್ತು ಅಂದು ಬೆಳಿಗ್ಗೆ 8:44:07. ಮುಂದಿನ ಸೆಕೆಂಡಿಗೆ ಅಂಥ ಯಂತ್ರ 1901ರ ಡಿಸೆಂಬರ್ ಎಂದುಕೊಳ್ಳಬಹುದು.

ನಿಮ್ಮ ಕೈಲಿರುವ ಹೊಸ ಫೋನಿನ ಎಣಿಕೆ 64 ಬಿಟ್‌ನದು, ಅದಕ್ಕೆ ಭಯವಿಲ್ಲ. ಎಲ್ಲವೂ ನಿಲ್ಲುತ್ತದೆ ಎಂಬುದು ಸುಳ್ಳು. ಚಿಂತೆ ಇರುವುದು ಕಾರ್ಖಾನೆ, ಸಬ್‌ಸ್ಟೇಷನ್‌ಗಳ ಗೋಡೆಗೆ ಕೂರಿಸಿ ಮರೆತುಬಿಟ್ಟ ಹಳೆಯ ನಿಯಂತ್ರಣ ಪೆಟ್ಟಿಗೆಗಳದ್ದು. ಅವುಗಳ ಸಾಫ್ಟ್‌ವೇರ್ ಬದಲಿಸುವವರೇ ಇರುವುದಿಲ್ಲ. ಇದು ಊಹೆಯಲ್ಲ. ಜಿಪಿಎಸ್‌ನ ಹಳೆಯ ವಾರದ ಎಣಿಕೆ ಸಂವತ್ಸರದಂತೆ 1024 ವಾರಕ್ಕೊಮ್ಮೆ ಸೊನ್ನೆಗೆ ಮರಳುತ್ತದೆ. 2019ರ ಏಪ್ರಿಲ್ 6ರಂದು ಹಾಗೆ ಮರಳಿದಾಗ ನ್ಯೂಯಾರ್ಕ್ ನಗರಾಡಳಿತದ ವೈರ್‌ಲೆಸ್ ಜಾಲ ದಿನಗಟ್ಟಲೆ ಕೆಟ್ಟಿತು. 2024ರ ಫೆಬ್ರವರಿ 29ನ್ನು ಅರಿಯದೆ ನ್ಯೂಜಿಲೆಂಡಿನ ಹಲವು ಪೆಟ್ರೋಲ್ ಪಂಪುಗಳು ಗಂಟೆಗಟ್ಟಲೆ ಹಣ ಪಡೆಯಲಾರದೆ ನಿಂತವು.

ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ ತನ್ನ ಬಿರುದಿನಲ್ಲಿ ಭೂಲೋಕಮಲ್ಲ ವರ್ಷ ಎಂದು ಮತ್ತೆ ಒಂದರಿಂದ ಎಣಿಸಿದ. ಅಪ್ಪ ಬದಿಗಿಟ್ಟ ಶಕವರ್ಷವೇ 1957ರಿಂದ ಭಾರತ ಸರ್ಕಾರದ ರಾಷ್ಟ್ರೀಯ ಪಂಚಾಂಗದಲ್ಲಿದೆ.