ಬಯಲನ್ನು ಊರಿನ ಆಸ್ತಿಯೆಂದ ತೋಟಗಾರ: ಕೃಂಬಿಗಲ್

ನಮ್ಮ ಸಂಘದ ಬೆಳ್ಳಿಹಬ್ಬದ ಈ ಶುಭ ಸಂದರ್ಭದಲ್ಲಿ, 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಹಕಾರದ ಬೀಜ ಬಿತ್ತಿದ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರನ್ನು ಮೊದಲು ನೆನೆಯುತ್ತೇವೆ. ಅವರ ಜೊತೆಗೆ ಇನ್ನೊಬ್ಬ ಹಿರಿಯರನ್ನೂ ಓದುಗ ಬಾಂಧವರಿಗೆ ಪರಿಚಯಿಸುವ ಆಸೆ ನಮ್ಮದು. ಅವರು ಸಹಕಾರಿ ಧುರೀಣರಲ್ಲ, ತೋಟಗಾರರು. ಆದರೆ ಎಲ್ಲರಿಗೂ ಸೇರಿದ್ದನ್ನು ಎಲ್ಲರಿಗಾಗಿ ಹೇಗೆ ಬೆಳೆಸಬೇಕೆಂದು ತೋರಿಸಿಕೊಟ್ಟವರು.

ಗುಸ್ತಾವ್ ಹರ್ಮನ್ ಕೃಂಬಿಗಲ್ ಅವರು 1865ರಲ್ಲಿ ಜರ್ಮನಿಯ ಡ್ರೆಸ್ಡನ್ ಹತ್ತಿರ ಹುಟ್ಟಿದರು. ತರುಣರಿದ್ದಾಗಲೇ ಇಂಗ್ಲೆಂಡಿಗೆ ಹೋಗಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಹೂವಿನ ಮಡಿಗಳನ್ನು ಮಾಡಿದರು, ಕ್ಯೂ ಸಸ್ಯೋದ್ಯಾನದಲ್ಲಿ ಪಳಗಿದರು. 1893ರಲ್ಲಿ ಬಡೋದೆಯ ಸಯಾಜಿರಾವ್ ಗಾಯಕವಾಡರು ಅವರನ್ನು ಕರೆಸಿಕೊಂಡರು. 1908ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಮೈಸೂರು ಸಂಸ್ಥಾನಕ್ಕೆ ಬಂದು ಬೆಂಗಳೂರಿನ ಲಾಲ್‌ಬಾಗಿನ ಹೊಣೆ ಹೊತ್ತರು.

ಹೈದರಾಲಿ ಕಾಲದ ಆ ತೋಟದ ಕಾಂಪೌಂಡಿನೊಳಗೇ ಅವರ ಕೆಲಸ ಮುಗಿಯಲಿಲ್ಲ. ರಸ್ತೆಯ ಎರಡೂ ಬದಿಗೆ ನೆರಳಿನ ಮರ ಹಚ್ಚಿಸಿದರು. ಒಂದು ಜಾತಿಯ ಹೂವು ಉದುರುವುದರೊಳಗೆ ಇನ್ನೊಂದು ಅರಳಬೇಕು, ವರ್ಷವಿಡೀ ಊರು ಹೂವು ಕಾಣಬೇಕು ಎಂದು ಲೆಕ್ಕ ಹಾಕಿ ನೆಡಿಸಿದರು. 1912ರಲ್ಲಿ ಮೈಸೂರು ತೋಟಗಾರಿಕೆ ಸಂಘ ಕಟ್ಟುವುದರಲ್ಲಿಯೂ ಮುಂದಾದರು. ಕೃಷ್ಣರಾಜಸಾಗರದ ಬೃಂದಾವನದ ವಿನ್ಯಾಸದಲ್ಲಿಯೂ ಅವರ ಕೈಯಿದೆ. ರಾಜರ ಕೆಲಸ ಮಾಡಿದರೂ ಆ ನೆರಳಿನಾಗ ಕುಂತವರು ಕೂಲಿಯವರು, ಸಂತೆಗೆ ಬಂದವರು, ಮಕ್ಕಳು. ಅದಕ್ಕೇ ಅವರ ಕೆಲಸ ದೊಡ್ಡದು.

1932ರಲ್ಲಿ ನಿವೃತ್ತರಾದರು. ಯುದ್ಧಕಾಲದಲ್ಲಿ ಜರ್ಮನಿಯವರೆಂಬ ಒಂದೇ ಕಾರಣಕ್ಕೆ ಬ್ರಿಟಿಷರು ಅವರನ್ನು ಬಂಧನದಲ್ಲಿ ಇಟ್ಟರು. ಆದರೂ ಈ ನೆಲ ಬಿಟ್ಟು ಹೋಗಲಿಲ್ಲ. 1956ರಲ್ಲಿ ಬೆಂಗಳೂರಿನಲ್ಲಿಯೇ ಮಣ್ಣಾದರು. ಲಾಲ್‌ಬಾಗಿನಲ್ಲಿ ಅವರ ಹೆಸರಿನ ಹಳೇ ಸಭಾಂಗಣ ಕಾಳಜಿಯಿಲ್ಲದೆ ಶಿಥಿಲವಾಗಿ 2017ರಲ್ಲಿ ಕುಸಿಯಿತು. ಕಟ್ಟುವುದರಷ್ಟೇ ಕಾಯುವುದೂ ಮುಖ್ಯವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಲೋಕಾಪುರದವರಿಗೆ ಈ ಮಾತು ಯಾಕೆಂದು ಕೇಳಬಹುದು. ನಮ್ಮ ಕಡೆ ಊರು ಬೆಳೆದಂತೆ ಬಯಲು ಸಣ್ಣದಾಗುತ್ತದೆ. ಖಾಲಿ ಜಾಗ ಕಂಡರೆ ಸಾಕು, ಸುಮ್ಮನೆ ಬಿದ್ದೈತಿ ಅಂತಾರ, ಮಳಿಗೆ ಕಟ್ಟಿದರ ಬಾಡಿಗಿ ಬರತೈತಿ ಅಂತಾರ. ಆದರೆ ಅದು ಸುಮ್ಮನೆ ಬಿದ್ದಿಲ್ಲ. ಮುಂಜಾನೆ ಅಲ್ಲಿ ಹುಡುಗರು ಓಡುತ್ತಾರೆ, ಜಾತ್ರೆಗೆ ಚಕ್ಕಡಿ ಬಿಡುತ್ತಾರೆ, ಕುಸ್ತಿ ಕಣ ಹಾಕುತ್ತಾರೆ. ಸಂಜೆ ಹಿರಿಯರು ಕೂಡುತ್ತಾರೆ. ಹೆಣ್ಣುಮಕ್ಕಳಿಗೆ ಮಾತ್ರ ಕೂಡಲು ಇನ್ನೂ ಒಂದು ಕಟ್ಟೆಯಿಲ್ಲ. ಬಾಡಿಗೆಯ ಲೆಕ್ಕ ಬರೆಯುವವರು ಈ ಲೆಕ್ಕವನ್ನೂ ಬರೆಯಬೇಕು.

ಆದ್ದರಿಂದ ಬೆಳ್ಳಿಹಬ್ಬದ ನೆನಪಿಗೆ ನಾವು ಕೇಳುವುದು ಇಷ್ಟೇ: ಬಯಲು ಬಯಲಾಗಿಯೇ ಉಳಿಯಲಿ. ನಟ್ಟ ನಡುವೆ ಆಟಕ್ಕೆ ಜಾಗ ಬಿಟ್ಟು ಸುತ್ತಲೂ ಬೇವು, ಹೊಂಗೆ, ಹುಣಸೆ ಹಚ್ಚೋಣ. ಒಂದೊಂದು ಸಸಿಯನ್ನು ಒಂದೊಂದು ಮನೆಯವರು ನೋಡಿಕೊಳ್ಳಲಿ. ಮೊದಲ ಎರಡು ಬೇಸಗೆ ನೀರುಣಿಸಿದರೆ ಮುಂದೆ ಅವೇ ನಮ್ಮ ಮೊಮ್ಮಕ್ಕಳಿಗೆ ನೆರಳು ಕೊಡುತ್ತವೆ. ಸಹಕಾರವೆಂದರೆ ಸಾಲ, ಬಡ್ಡಿ ಅಷ್ಟೇ ಅಲ್ಲವಲ್ಲ!